ಸರ್ವಿಸಿಂಗಿಗೆ ಬಿಟ್ಟ ವಾಹನದ ಟೈರು ಕೆಟ್ಟು ಬಂದರೆ ಹೊಣೆ ಯಾರದು?

ವಾಹನವನ್ನು ಅಧಿಕೃತ ಮಾರಾಟಗಾರರ ಸರ್ವಿಸ್ ಕೇಂದ್ರಕ್ಕೆ ಬಿಟ್ಟು, ಬಿಲ್ಲು ಸಂದಾಯ ಮಾಡಿ, ಮನೆಗೆ ತಂದ ಮೇಲೆ ಟೈರಿನಲ್ಲಿ ಹಾನಿ ಕಂಡುಬಂದರೆ ಏನು ಮಾಡಬೇಕು ಎಂದು ನಮ್ಮ ಸದಸ್ಯರಲ್ಲಿ ಮೂವರು ಕಳೆದ ಒಂದು ವರ್ಷದಲ್ಲಿ ನನ್ನನ್ನು ಕೇಳಿದ್ದಾರೆ. ಮೂವರಿಗೂ ನಾನು ಬಾಯಿಮಾತಿನಲ್ಲಿ ಉತ್ತರ ಹೇಳಿ ಕಳುಹಿಸಿದ್ದೆ. ಆದರೆ ಕಳೆದ ಮಳೆಗಾಲ ಮುಗಿದ ಮೇಲೆ ಅದೇ ಪ್ರಸಂಗ ನನಗೇ ಒದಗಿ ಬಂದಾಗ, ಈ ವಿಷಯದಲ್ಲಿ ಕಾನೂನು ಹೇಳುವುದಕ್ಕಿಂತ ಕಾಗದಪತ್ರಗಳು ಹೇಳುವುದೇ ಹೆಚ್ಚು ಎಂಬುದು ಮನದಟ್ಟಾಯಿತು. ಆದ್ದರಿಂದ ಈ ಲೇಖನ.

ಮೊದಲು ಸಂಗತಿಯನ್ನು ನಿವೇದಿಸುತ್ತೇನೆ. ರಬಕವಿಯಿಂದ ಎರಡೂವರೆ ತಾಸಿನ ದಾರಿಯಲ್ಲಿರುವ ದೊಡ್ಡ ಊರೊಂದರ ಸರ್ವಿಸ್ ಕೇಂದ್ರಕ್ಕೆ ನನ್ನ ಕಾರನ್ನು ಬೆಳಿಗ್ಗೆ ಒಪ್ಪಿಸಿದೆ. ಆಯಿಲ್ ಬದಲಾವಣೆ, ಬ್ರೇಕ್ ತಪಾಸಣೆ, ಚಕ್ರಗಳ ಅದಲುಬದಲು, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಇವಿಷ್ಟು ಕೆಲಸ. ಸಂಜೆ ಆರು ಗಂಟೆಗೆ ಕಾರು ತೊಳೆದು ನಿಲ್ಲಿಸಿದ್ದರು. ಮುಂದಿನ ಎಡ ಚಕ್ರದಲ್ಲಿ ಮೊಳೆ ಇತ್ತೆಂದೂ, ಪಂಕ್ಚರ್ ತೆಗೆದಿದ್ದೇವೆಂದೂ ಮೇಲ್ವಿಚಾರಕರು ತಿಳಿಸಿದರು. ಬಿಲ್ಲು ಕೊಟ್ಟೆ. 'ವಾಹನವನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ' ಎಂಬ ಮುದ್ರಿತ ಒಕ್ಕಣೆಯ ಕೆಳಗೆ ಸಹಿ ಮಾಡಿದೆ. ಕತ್ತಲಾಗುವ ಮೊದಲು ಊರು ಸೇರುವ ಅವಸರ. ಚಕ್ರಗಳ ಕಡೆ ನೋಡಲೇ ಇಲ್ಲ. ಮೂವತ್ತು ವರ್ಷಗಳಿಂದ ಕಕ್ಷಿದಾರರ ಗೋದಾಮುಗಳಲ್ಲಿ ನೂಲಿನ ಬಂಡಲುಗಳನ್ನು ಎಣಿಸದೆ ದಾಸ್ತಾನು ಪಟ್ಟಿಗೆ ಸಹಿ ಹಾಕದಿರುವವನು, ಸ್ವಂತ ಕಾರಿನ ವಿಷಯದಲ್ಲಿ ಎಣಿಸದೆ ಸಹಿ ಹಾಕಿದೆ!

ಮರುದಿನ ಬೆಳಿಗ್ಗೆ ಹಿಂದಿನ ಎಡ ಚಕ್ರದಲ್ಲಿ, ಟೈರು ರಿಮ್ಮಿಗೆ ಕೂಡುವ ಅಂಚಿನಲ್ಲಿ, ಎರಡು ಅಂಗುಲದಷ್ಟು ರಬ್ಬರು ಹರಿದಿರುವುದು ಕಂಡಿತು. ಅದಕ್ಕೆ ಸರಿಯಾಗಿ ರಿಮ್ಮಿನ ತುಟಿಯ ಮೇಲೆ ಹೊಸ ಗೀರು. ದೂರವಾಣಿ ಮಾಡಿದಾಗ ಬಂದ ಉತ್ತರ ನಿರೀಕ್ಷಿತವೇ ಆಗಿತ್ತು: 'ನಿಮ್ಮ ಕಡೆಯ ರಸ್ತೆ ಹಾಗಿದೆ ಸಾರ್, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಕೆಡಿಸಿವೆ. ನಮ್ಮಲ್ಲಿಂದ ಹೋಗುವಾಗ ಸರಿಯಾಗಿಯೇ ಇತ್ತು, ನೀವೇ ಸಹಿ ಮಾಡಿದ್ದೀರಿ.'

ಈ ಉತ್ತರವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಮಹಾಲಿಂಗಪುರದ ದಾರಿಗಳ ಸ್ಥಿತಿಯನ್ನು ಬಲ್ಲ ಯಾರೂ ಅದನ್ನು ಸುಳ್ಳೆಂದು ಪ್ರಮಾಣ ಮಾಡಲಾರರು. ಆದ್ದರಿಂದ ಮೊದಲು ಅರಿಯಬೇಕಾದದ್ದು ಹಾನಿಯ ಜಾತಿಯನ್ನು.

ಟೈರಿನ ಪಕ್ಕದ ಗೋಡೆಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಬಂದಿದ್ದರೆ, ಅದು ಬಹುಮಟ್ಟಿಗೆ ಗುಂಡಿಗೋ ಕಲ್ಲಿನ ಅಂಚಿಗೋ ರಭಸದಿಂದ ಬಡಿದ ಪರಿಣಾಮ. ಒಳಗಿನ ದಾರಗಳು ತುಂಡಾಗಿ, ಗಾಳಿಯ ಒತ್ತಡಕ್ಕೆ ರಬ್ಬರು ಹೊರಗೆ ಉಬ್ಬುತ್ತದೆ. ಬಡಿದ ದಿನವೇ ಅದು ಕಾಣಬೇಕೆಂದಿಲ್ಲ. ಎಷ್ಟೋ ದಿನಗಳ ನಂತರ ಕಾಣಿಸಿಕೊಳ್ಳಬಹುದು. ಆದ್ದರಿಂದ ಉಬ್ಬಿನ ಹೊಣೆಯನ್ನು ಸರ್ವಿಸ್ ಕೇಂದ್ರದ ಮೇಲೆ ಹೊರಿಸುವುದು ಕಷ್ಟ. ಗಾಳಿ ಕಡಿಮೆಯಿದ್ದು ಓಡಿಸಿದ ಟೈರಿನ ಒಳಮೈಯಲ್ಲಿ ಸುತ್ತಲೂ ಸವೆದ ಬಳೆಯಂತಹ ಗುರುತು, ರಬ್ಬರಿನ ಪುಡಿ ಕಾಣುತ್ತವೆ. ಅಲೈನ್‌ಮೆಂಟ್ ತಪ್ಪಿದ್ದರೆ ಒಂದು ಅಂಚು ಮಾತ್ರ ಸವೆಯುತ್ತದೆ, ಅದೂ ನೂರಾರು ಕಿಲೋಮೀಟರು ಓಡಿದ ಮೇಲೆ. ಆದರೆ ರಿಮ್ಮಿಗೆ ಕೂಡುವ ಅಂಚಿನ ಹರಕು ಬೇರೆಯೇ ಸಂಗತಿ. ಟೈರನ್ನು ರಿಮ್ಮಿನಿಂದ ಬಿಡಿಸುವಾಗ ಅಥವಾ ಕೂಡಿಸುವಾಗ ಯಂತ್ರದ ತಲೆಯಾಗಲಿ ಕಬ್ಬಿಣದ ಸಲಾಕೆಯಾಗಲಿ ಜಾರಿದರೆ ಆಗುವ ಗಾಯ ಅದು. ರಿಮ್ಮಿನ ಮೇಲೆ ಅದೇ ಜಾಗದಲ್ಲಿ ಹೊಸ ಗೀರು ಇದ್ದರೆ ಸಂಶಯಕ್ಕೆ ಎಡೆ ಕಡಿಮೆ. ಅಂಚಿನೊಳಗಿನ ತಂತಿಯ ಬಳೆಯೇ ಟೈರನ್ನು ರಿಮ್ಮಿಗೆ ಹಿಡಿದಿಡುವುದರಿಂದ, ಅಲ್ಲಿ ಆಳವಾಗಿ ಹರಿದ ಟೈರನ್ನು ತೇಪೆ ಹಾಕಿ ಬಳಸುವುದು ಅಪಾಯ.

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಚಕ್ರಗಳ ಅದಲುಬದಲು ಇವುಗಳಲ್ಲಿ ಯಾವುದಕ್ಕೂ ಟೈರನ್ನು ರಿಮ್ಮಿನಿಂದ ಬಿಡಿಸುವ ಅಗತ್ಯವಿಲ್ಲ. ನನ್ನ ಪ್ರಕರಣದಲ್ಲಿ ಬಿಡಿಸಿದ್ದರು ಎಂಬುದಕ್ಕೆ ಸಾಕ್ಷಿ ಅವರದೇ ಬಿಲ್ಲಿನ ಒಂದು ಸಾಲು, ಪಂಕ್ಚರ್ ದುರಸ್ತಿಯದು. ಆದರೆ ಅಲ್ಲೊಂದು ತೊಡಕಿತ್ತು. ಪಂಕ್ಚರ್ ಆದದ್ದು ಮುಂದಿನ ಎಡ ಚಕ್ರ. ಹರಕು ಇದ್ದದ್ದು ಹಿಂದಿನ ಎಡ ಚಕ್ರದಲ್ಲಿ. ಚಕ್ರಗಳನ್ನು ಅದಲುಬದಲು ಮಾಡಿದ್ದರಿಂದ ಮುಂದಿನದು ಹಿಂದೆ ಹೋಗಿತ್ತು. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. ಉದಾಹರಣೆಗೆ 3522 ಎಂದರೆ 2022ನೆಯ ಇಸವಿಯ 35ನೆಯ ವಾರ. ನಾಲ್ಕೂ ಟೈರುಗಳ ಈ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಮೊದಲೇ ಬರೆಯಿಸಿದ್ದರೆ ವಾದವೇ ಏಳುತ್ತಿರಲಿಲ್ಲ. ಬರೆಯಿಸಿರಲಿಲ್ಲ. ಕೊನೆಗೆ ಒಳಮೈಯಲ್ಲಿದ್ದ ಹೊಸ ಪಂಕ್ಚರ್ ತೇಪೆಯೇ ಆ ಟೈರಿನ ಗುರುತಾಯಿತು.

ಕಾನೂನು ಹೇಳುವುದೇನು?

ಒಂದು ಕೆಲಸಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಿ, ಕೆಲಸ ಮುಗಿದ ಮೇಲೆ ಮರಳಿ ಪಡೆಯುವ ವ್ಯವಹಾರಕ್ಕೆ 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. 148ನೆಯ ಕಲಂ ಇದರ ವ್ಯಾಖ್ಯೆ. ವಾಣಿಜ್ಯ ಪದವಿಯ ತರಗತಿಯಲ್ಲಿ ಕಂಠಪಾಠ ಮಾಡಿದ್ದ ಈ ಕಲಮುಗಳು ಇಷ್ಟು ಕಾಲದ ಮೇಲೆ ನನಗೇ ಉಪಯೋಗಕ್ಕೆ ಬರುತ್ತವೆಂದು ಎಣಿಸಿರಲಿಲ್ಲ. 151ನೆಯ ಕಲಮಿನ ಪ್ರಕಾರ, ವಸ್ತುವನ್ನು ವಶಕ್ಕೆ ಪಡೆದವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ವಹಿಸತಕ್ಕದ್ದು. ಅಷ್ಟು ಎಚ್ಚರ ವಹಿಸಿದ್ದರೆ, ವಿಶೇಷ ಕರಾರು ಇಲ್ಲದ ಪಕ್ಷದಲ್ಲಿ, ಹಾನಿಗೆ ಅವನು ಹೊಣೆಯಲ್ಲ ಎಂದು 152ನೆಯ ಕಲಂ ಹೇಳುತ್ತದೆ. ಇವೆರಡನ್ನೂ ಕೂಡಿಸಿ ಓದಬೇಕು. ನಮ್ಮ ಕಡೆಯಿಂದ ಸ್ಥಾಪಿಸಬೇಕಾದದ್ದು ವಸ್ತುವನ್ನು ಸರಿಯಾದ ಸ್ಥಿತಿಯಲ್ಲಿ ಒಪ್ಪಿಸಿದೆವು, ಕೆಟ್ಟ ಸ್ಥಿತಿಯಲ್ಲಿ ಮರಳಿ ಪಡೆದೆವು ಎಂಬುದನ್ನು. ತಾನು ತಕ್ಕ ಎಚ್ಚರ ವಹಿಸಿದ್ದೆ ಎಂಬುದನ್ನು ತೋರಿಸುವ ಭಾರ ವಶಕ್ಕೆ ಪಡೆದವನ ಮೇಲೆ ಬೀಳುತ್ತದೆ.

ಈ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರ್ 14ರಂದು ತಾಜ್ ಮಹಲ್ ಹೋಟೆಲ್ ಮತ್ತು ಯುನೈಟೆಡ್ ಇಂಡಿಯಾ ವಿಮಾ ಕಂಪನಿಯ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 1998ರಲ್ಲಿ ದೆಹಲಿಯ ಆ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಜೆನ್ ಕಾರನ್ನು ನಿಲ್ಲಿಸಲೆಂದು ಹೋಟೆಲಿನ ನೌಕರನ ಕೈಗೆ ಕೊಟ್ಟಿದ್ದರು. ಮರಳಿ ಬರುವಷ್ಟರಲ್ಲಿ ಕಾರು ಕಳುವಾಗಿತ್ತು. 'ವಾಹನ ನಿಲುಗಡೆ ಮಾಲೀಕರ ಸ್ವಂತ ಹೊಣೆ' ಎಂದು ಚೀಟಿಯ ಮೇಲೆ ಮುದ್ರಿಸಿದ್ದೇವೆ ಎಂಬುದು ಹೋಟೆಲಿನ ವಾದ. ಕಾರು ತನ್ನ ವಶಕ್ಕೆ ಬಂದ ಮೇಲೆ, ತನ್ನ ಅಥವಾ ತನ್ನ ನೌಕರರ ಅಲಕ್ಷ್ಯದ ಹೊಣೆಯನ್ನು ಹೋಟೆಲು ಇಂತಹ ಮುದ್ರಿತ ಒಕ್ಕಣೆಯ ಮರೆಯಲ್ಲಿ ಕಳಚಿಕೊಳ್ಳಲಾಗದು ಎಂದು ನ್ಯಾಯಾಲಯ ತೀರ್ಮಾನಿಸಿತು. ತೀರ್ಪನ್ನು ಬರೆದವರು ನಮ್ಮ ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಎಂಬುದನ್ನು ಇಲ್ಲಿ ನೆನೆಯುವುದು ಸಂತೋಷದ ಸಂಗತಿ. ಅವರು 2021ರಲ್ಲಿ ದಿವಂಗತರಾದರು. ಜಾಬ್ ಕಾರ್ಡಿನ ಹಿಂಬದಿಯ ಸಣ್ಣಕ್ಷರಗಳನ್ನು ತೋರಿಸಿ ನಮ್ಮನ್ನು ಹೆದರಿಸುವವರಿಗೆ ಈ ತೀರ್ಪು ಉತ್ತರವಾಗಬಲ್ಲದು.

'ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ' ಎಂಬ ಸಹಿಯ ಬೆಲೆ ಎಷ್ಟು? ಅದು ನಮ್ಮ ವಿರುದ್ಧದ ಸಾಕ್ಷ್ಯ ಹೌದು, ಅಂತಿಮ ಸಾಕ್ಷ್ಯವಲ್ಲ. ಕಣ್ಣಿಗೆ ತಟ್ಟನೆ ಕಾಣದ ಹಾನಿಯನ್ನು ತಡಮಾಡದೆ ತಿಳಿಸಿದರೆ ಆ ಸಹಿಯ ತೂಕ ತಗ್ಗುತ್ತದೆ. ಎಂಟು ದಿನ ಓಡಿಸಿ ಆಮೇಲೆ ತಿಳಿಸಿದರೆ ಅದೇ ಸಹಿ ಕಲ್ಲಾಗುತ್ತದೆ.

ಇನ್ನೆರಡು ಕಲಮುಗಳನ್ನು ವ್ಯಾಪಾರಸ್ಥರು ತಿಳಿದಿರಬೇಕು. 154ನೆಯ ಕಲಮಿನಂತೆ, ಒಪ್ಪಿಸಿದ ಉದ್ದೇಶಕ್ಕೆ ಹೊರತಾಗಿ ವಸ್ತುವನ್ನು ಬಳಸಿದರೆ, ಆ ಬಳಕೆಯಲ್ಲಿ ಆದ ಹಾನಿಗೆಲ್ಲ ಬಳಸಿದವನೇ ಹೊಣೆ. ದುರಸ್ತಿಯ ನಂತರ ಪರೀಕ್ಷೆಗಾಗಿ ನಾಲ್ಕು ಕಿಲೋಮೀಟರು ಓಡಿಸುವುದು ಕೆಲಸದ ಭಾಗ. ನಲವತ್ತು ಕಿಲೋಮೀಟರು ಓಡಿದ್ದರೆ ಕಾರಣ ಕೇಳಬೇಕು. ಒಪ್ಪಿಸುವಾಗಿನ ಮತ್ತು ಪಡೆಯುವಾಗಿನ ಓಡಾಟದ ಅಂಕಿ ಎರಡೂ ಕಾಗದದ ಮೇಲಿದ್ದರೆ ಮಾತ್ರ ಇದು ಸಾಧ್ಯ. ಇನ್ನೊಂದು 170ನೆಯ ಕಲಂ. ವಸ್ತುವಿನ ಮೇಲೆ ದುಡಿಮೆ ಹಾಕಿದವನು ತನ್ನ ಕೂಲಿ ಸಲ್ಲುವ ತನಕ ಅದನ್ನು ತಡೆಹಿಡಿಯುವ ಹಕ್ಕುಳ್ಳವನು. ಆದ್ದರಿಂದ ಕೌಂಟರಿನಲ್ಲಿಯೇ ಹಾನಿ ಕಂಡುಬಂದರೆ ಬಿಲ್ಲು ಕೊಡುವುದಿಲ್ಲವೆಂದು ಹಟ ಹಿಡಿಯುವುದು ಜಾಣತನವಲ್ಲ; ಕಾರು ಅಲ್ಲಿಯೇ ಉಳಿಯುತ್ತದೆ, ನಾವು ಬಸ್ ನಿಲ್ದಾಣಕ್ಕೆ ನಡೆಯಬೇಕಾಗುತ್ತದೆ. ಹಣ ಕೊಟ್ಟು, ಬಿಲ್ಲಿನ ಎರಡೂ ಪ್ರತಿಗಳ ಮೇಲೆ 'ಟೈರಿನ ಹಾನಿಯ ಬಗ್ಗೆ ಆಕ್ಷೇಪಣೆಯನ್ನು ಕಾಯ್ದಿರಿಸಿ ಪಾವತಿಸಿದೆ' ಎಂದು ಬರೆದು ಸಹಿ ಮಾಡಿದರೆ ಹಕ್ಕು ಉಳಿಯುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ನಮ್ಮ ರಬಕವಿ ಬನಹಟ್ಟಿಯ ಅನೇಕ ಸದಸ್ಯರು ಈ ಕಾನೂನಿನ ಎರಡೂ ಬದಿಯಲ್ಲಿದ್ದಾರೆ. ಬೇರೆಯವರ ನೂಲನ್ನು ಪಡೆದು ಸೈಜಿಂಗ್ ಮಾಡಿಕೊಡುವವರು, ಬಣ್ಣ ಹಾಕಿಕೊಡುವವರು, ಕೂಲಿಗೆ ಸೀರೆ ನೇಯ್ದುಕೊಡುವ ವಿದ್ಯುತ್ ಮಗ್ಗದವರು, ಇವರೆಲ್ಲರೂ ಅನ್ಯರ ವಸ್ತುವನ್ನು ವಶಕ್ಕೆ ಪಡೆದವರೇ. ಟೈರಿನ ವಿಷಯದಲ್ಲಿ ನಾವು ಯಾವ 151ನೆಯ ಕಲಮನ್ನು ಎತ್ತಿ ತೋರಿಸುತ್ತೇವೆಯೋ, ನೂಲಿಗೆ ನೀರು ತಾಗಿ ಬೂಷ್ಟು ಹಿಡಿದಾಗ ಅದೇ ಕಲಮನ್ನು ನೂಲಿನ ಮಾಲೀಕ ನಮಗೆ ತೋರಿಸುತ್ತಾನೆ. ಪಡೆಯುವಾಗಲೇ ಚಲನ್ನಿನ ಮೇಲೆ ನೂಲಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳುವ ಸೈಜಿಂಗ್ ಕಾರ್ಖಾನೆಗಳು ನಮ್ಮಲ್ಲಿ ಎಷ್ಟಿವೆ?

ವ್ಯಾಪಾರದ ವಾಹನ ಮತ್ತು ಗ್ರಾಹಕ ಆಯೋಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಹಣ ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಈ ಕಾಯ್ದೆಯಿಂದ ನಮ್ಮಂತಹ ಸಣ್ಣ ಊರಿನವರಿಗೆ ಆದ ದೊಡ್ಡ ಅನುಕೂಲವೆಂದರೆ, ದೂರುದಾರನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಹೂಡಬಹುದು. ಸರ್ವಿಸ್ ಕೇಂದ್ರ ಯಾವ ಜಿಲ್ಲೆಯಲ್ಲೇ ಇರಲಿ, ರಬಕವಿಯವರು ಬಾಗಲಕೋಟೆಗೆ ಹೋದರೆ ಸಾಕು. ಕೊಟ್ಟ ಪ್ರತಿಫಲ 5 ಲಕ್ಷ ರೂಪಾಯಿಯ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂಬ ನಿಯಮವೂ ಇಲ್ಲ. ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಕಾಲಮಿತಿ. ದೂರನ್ನು ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಅದಕ್ಕೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ ನೋಡುವುದು ಒಳ್ಳೆಯದು. ಮೂರು ಅಥವಾ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ಅವಧಿಯನ್ನು ನಂಬಿ ಯಾರೂ ಲೆಕ್ಕ ಹಾಕಬಾರದು.

ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಹೊರಗು. ಇಲ್ಲಿಯೇ ನಮ್ಮ ಸದಸ್ಯರು ಧೈರ್ಯಗೆಡುತ್ತಾರೆ. 'ಕಾರು ಫರ್ಮಿನ ಹೆಸರಿನಲ್ಲಿದೆ, ನಮಗೆ ಗ್ರಾಹಕ ಕಾನೂನು ಸಲ್ಲದು' ಎಂದು ತಾವೇ ತೀರ್ಪು ಕೊಟ್ಟುಕೊಳ್ಳುತ್ತಾರೆ. ಅದು ಸರಿಯಲ್ಲ. ಕಂಪನಿಯೂ ಗ್ರಾಹಕನಾಗಬಹುದೆಂಬುದನ್ನು ನಿಶ್ಚಯಪಡಿಸಿದ ತೀರ್ಪು ನಮ್ಮ ನೆರೆಯ ಬೆಳಗಾವಿಯಿಂದಲೇ ಹೋದದ್ದು. ಅಲ್ಲಿಯ ಅಶೋಕ್ ಐರನ್ ವರ್ಕ್ಸ್ ಎಂಬ ಖಾಸಗಿ ಕಂಪನಿ ವಿದ್ಯುತ್ ಸರಬರಾಜಿನ ವಿಳಂಬದ ಬಗ್ಗೆ ಹೂಡಿದ ದೂರು ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ, 2009ರ ಫೆಬ್ರುವರಿಯಲ್ಲಿ, ಗ್ರಾಹಕ ಕಾನೂನಿನಲ್ಲಿ 'ವ್ಯಕ್ತಿ' ಎಂಬ ಪದದೊಳಗೆ ಕಂಪನಿಯೂ ಸೇರುತ್ತದೆ ಎಂದು ತೀರ್ಮಾನವಾಯಿತು. ಇನ್ನು ವಾಣಿಜ್ಯ ಉದ್ದೇಶ ಯಾವುದೆಂಬ ಬಗ್ಗೆ, ಮುಂಬಯಿಯ ಲೀಲಾವತಿ ಆಸ್ಪತ್ರೆಯ ಟ್ರಸ್ಟು ದಾದಿಯರ ವಸತಿಗೆಂದು ಕೊಂಡ ಮನೆಗಳ ಪ್ರಕರಣದಲ್ಲಿ 2019ರಲ್ಲಿ ಹೇಳಲಾದದ್ದೆಂದರೆ, ವ್ಯವಹಾರದ ಪ್ರಧಾನ ಉದ್ದೇಶವನ್ನೂ, ಲಾಭ ಗಳಿಕೆಯೊಂದಿಗೆ ಅದಕ್ಕಿರುವ ನೇರ ಸಂಬಂಧವನ್ನೂ ನೋಡಬೇಕು. ಕಾರುಗಳ ಬಗ್ಗೆಯೇ ಹೇಳುವುದಾದರೆ, ಡೈಮ್ಲರ್ ಕ್ರೈಸ್ಲರ್ ಇಂಡಿಯಾ ಮತ್ತು ಕಂಟ್ರೋಲ್ಸ್ ಅಂಡ್ ಸ್ವಿಚ್‌ಗೇರ್ ಕಂಪನಿಯ ನಡುವಿನ 2024ರ ಜುಲೈ ತಿಂಗಳ ತೀರ್ಪಿನಲ್ಲಿ, ಕಂಪನಿಯು ನಿರ್ದೇಶಕರ ಬಳಕೆಗಾಗಿ ಕೊಂಡ ಕಾರನ್ನು ವಾಣಿಜ್ಯ ಉದ್ದೇಶದ ಖರೀದಿಯೆಂದು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ವಾಣಿಜ್ಯ ಉದ್ದೇಶವೆಂದು ಸಿದ್ಧಪಡಿಸುವ ಭಾರ ಹಾಗೆಂದು ಹೇಳುವವರದೇ ಎಂದಿತು.

ಸೀರೆಯ ಗಂಟುಗಳನ್ನು ಸಾಗಿಸುವ ಟೆಂಪೋ, ಕಾರ್ಖಾನೆಯ ಲಾರಿ ಇವುಗಳ ಮಾತು ಬೇರೆ. ಅಲ್ಲಿ ಲಾಭದೊಂದಿಗೆ ಸಂಬಂಧ ನೇರವಾಗಿಯೇ ಇದೆ. ಒಂದೇ ವಾಹನವನ್ನು ತಾನೇ ಓಡಿಸಿ ಹೊಟ್ಟೆ ಹೊರೆಯುವವನಿಗೆ ಸ್ವಯಂ ಉದ್ಯೋಗದ ವಿನಾಯಿತಿಯ ವಾದವುಂಟು. ಆರು ಲಾರಿಗಳ ಮಾಲೀಕನಿಗೆ ಇಲ್ಲ. ಅಂಥವರಿಗೆ ಉಳಿದಿರುವುದು ಕರಾರು ಕಾಯ್ದೆಯ ಆಧಾರದ ಮೇಲೆ ಸಿವಿಲ್ ದಾವೆ, ಮೂರು ವರ್ಷಗಳೊಳಗೆ. ಒಂದು ಟೈರಿಗಾಗಿ ದಾವೆ ಹೂಡುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಆದರೆ ದಾವೆಯ ಹಕ್ಕು ತನಗಿದೆಯೆಂದು ತಿಳಿದು ಬರೆದ ಪತ್ರಕ್ಕೂ, ತಿಳಿಯದೆ ಮಾಡಿದ ಜಗಳಕ್ಕೂ ಬರುವ ಉತ್ತರ ಬೇರೆ ಬೇರೆ.

ಎಷ್ಟು ಕೇಳಬೇಕು?

ಹಳೆಯ ಟೈರಿಗೆ ಹೊಸ ಟೈರಿನ ಪೂರ್ಣ ಬೆಲೆಯನ್ನು ಕೇಳುವುದು ನ್ಯಾಯವಲ್ಲ, ಕೇಳಿದರೆ ಮಾತುಕತೆ ಅಲ್ಲಿಯೇ ಮುರಿಯುತ್ತದೆ. ಟೈರಿನ ತಯಾರಕರು ಖಾತರಿಯಡಿ ಬದಲಿ ಕೊಡುವಾಗ ಅನುಸರಿಸುವ ಸವಕಳಿಯ ಕ್ರಮವೇ ಇಲ್ಲಿಯೂ ಸೂಕ್ತ. ಹೊಸ ಟೈರಿನ ಮೇಲ್ಪದರದ ಗೀರಿನ ಆಳ 8 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 1.6 ಮಿಲಿಮೀಟರಿಗೆ ಇಳಿದರೆ ಅದರ ಆಯುಷ್ಯ ಮುಗಿಯಿತು. ಅಂದರೆ ಬಳಕೆಗೆ ದೊರೆಯುವುದು 6.4 ಮಿಲಿಮೀಟರ್. ನನ್ನ ಟೈರಿನಲ್ಲಿ ಅಳೆದಾಗ 6.4 ಇತ್ತು, ಬಳಕೆಗೆ ಉಳಿದದ್ದು 4.8, ಎಂದರೆ ನೂರಕ್ಕೆ 75. ಹೊಸದರ ಬೆಲೆ ತೆರಿಗೆ ಸೇರಿ 6,400 ರೂಪಾಯಿಯಾದರೆ ನ್ಯಾಯವಾದ ಬೇಡಿಕೆ 4,800 ರೂಪಾಯಿ.

ತೆರಿಗೆಯನ್ನು ಸೇರಿಸಬೇಕೋ ಬಿಡಬೇಕೋ ಎಂಬುದು ವಾಹನವನ್ನು ಅವಲಂಬಿಸಿದೆ. ಚಾಲಕನೂ ಸೇರಿ 13 ಆಸನಗಳ ಒಳಗಿನ ಪ್ರಯಾಣಿಕ ವಾಹನಗಳ ಸರ್ವಿಸಿಂಗ್ ಮತ್ತು ದುರಸ್ತಿಗೆ, ಕಾನೂನಿನಲ್ಲಿ ಹೇಳಿದ ಕೆಲವು ವ್ಯವಹಾರಗಳನ್ನು ಬಿಟ್ಟರೆ, ಸರಕು ಮತ್ತು ಸೇವಾ ತೆರಿಗೆಯ 17(5)ನೆಯ ಕಲಮಿನಂತೆ ಇನ್‌ಪುಟ್ ಕ್ರೆಡಿಟ್ ಇಲ್ಲ. ತೆರಿಗೆಯೂ ನಮ್ಮ ಖರ್ಚೇ ಆದ್ದರಿಂದ ಬೇಡಿಕೆಯಲ್ಲಿ ಅದನ್ನು ಸೇರಿಸಬೇಕು. ಸರಕು ಸಾಗಣೆಯ ವಾಹನಕ್ಕೆ ಕ್ರೆಡಿಟ್ ಉಂಟು. ಅಲ್ಲಿ ತೆರಿಗೆಯನ್ನು ಬಿಟ್ಟು ಕೇಳಬೇಕು. ಕಾರಿನ ಟೈರನ್ನು ಬಿಡಿ ಸರಕಾಗಿ ಬೇರೆ ಬಿಲ್ಲಿನಲ್ಲಿ ಕೊಂಡರೆ ಕ್ರೆಡಿಟ್ ಸಿಗುವುದೆಂದು ವಾದಿಸುವವರಿದ್ದಾರೆ. ನಾನು ಎಚ್ಚರದ ಪಕ್ಷದವನು, ತೆಗೆದುಕೊಳ್ಳಬೇಡಿರೆಂದೇ ಹೇಳುತ್ತೇನೆ. ಟೈರಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿರುವುದರಿಂದ ಹಳೆಯ ಬೆಲೆಪಟ್ಟಿಯನ್ನು ಹಿಡಿದು ಲೆಕ್ಕ ಹಾಕಬಾರದು.

ಸರ್ವಿಸ್ ಕೇಂದ್ರದವರು ಬಿಲ್ಲಿನ ಮೊಬಲಗನ್ನು ಇಳಿಸಿದರೆ ಕ್ರೆಡಿಟ್ ನೋಟು ಪಡೆಯಬೇಕು. ಫರ್ಮಿನ ಲೆಕ್ಕದಲ್ಲಿ ದುರಸ್ತಿ ಖರ್ಚು ಅಷ್ಟು ಕಡಿಮೆಯಾಗುತ್ತದೆ. ನಷ್ಟಭರ್ತಿಯೆಂದು ಹಣ ಕೊಟ್ಟರೆ ಅದರ ಮೇಲೆ ನಾವು ತೆರಿಗೆ ಕಟ್ಟಬೇಕೇ ಎಂದು ಒಬ್ಬ ಸದಸ್ಯರು ಕೇಳಿದ್ದರು. ಕರಾರಿನ ಭಂಗಕ್ಕೆ ಬಂದ ಪರಿಹಾರ ಯಾವುದೇ ಸೇವೆಯ ಪ್ರತಿಫಲವಲ್ಲ ಎಂಬುದು ಕೇಂದ್ರ ಮಂಡಳಿಯ 2022ರ ಆಗಸ್ಟ್ 3ರ ಸುತ್ತೋಲೆಯಿಂದ ತಿಳಿಯುತ್ತದೆ. ಆದ್ದರಿಂದ ತೆರಿಗೆ ಇಲ್ಲ.

ವಿಮೆಯಿಂದ ಏನಾದರೂ ಬರುವುದೆಂಬ ಆಸೆ ಬೇಡ. ವಾಹನದ ಸಮಗ್ರ ಪಾಲಿಸಿಗಳ ರೂಢಿಯ ಷರತ್ತಿನಂತೆ ಟೈರಿಗೆ ಮಾತ್ರ ಆದ ಹಾನಿ ಹೊರಗು. ವಾಹನಕ್ಕೂ ಅದೇ ಕಾಲಕ್ಕೆ ಹಾನಿಯಾಗಿದ್ದರೆ ಟೈರಿನ ಬದಲಿ ಬೆಲೆಯ ಅರ್ಧದ ತನಕ. ಪ್ರತ್ಯೇಕ ಕಂತು ಕಟ್ಟಿ ಟೈರಿನ ರಕ್ಷಣೆಯನ್ನು ಪಡೆದವರು ತಮ್ಮ ಪಾಲಿಸಿಯನ್ನು ಓದಿ ನೋಡಬೇಕು.

ನನ್ನ ಕಾರಿನ ಕಥೆ ಹೀಗೆ ಮುಗಿಯಿತು. ಹಾನಿ ಕಂಡ ಗಳಿಗೆಯಲ್ಲಿಯೇ ಕಾರನ್ನು ಅಲುಗಿಸದೆ ಟೈರು, ರಿಮ್ಮು ಮತ್ತು ಓಡಾಟದ ಅಂಕಿಯ ಛಾಯಾಚಿತ್ರಗಳನ್ನು ತೆಗೆದಿದ್ದೆ. ಬಿಲ್ಲಿನಲ್ಲಿ ಅವರೇ ನಮೂದಿಸಿದ ಅಂಕಿಗೂ ಇದಕ್ಕೂ ಇದ್ದ ಅಂತರ, ಅವರ ಊರಿನಿಂದ ನಮ್ಮ ಮನೆಯ ತನಕದ ದೂರಕ್ಕೆ ಸರಿಹೊಂದುತ್ತಿತ್ತು. ಕಾರು ಬೇರೆಲ್ಲಿಯೂ ಹೋಗಿಲ್ಲವೆಂಬುದು ಅದರಿಂದ ಸಿದ್ಧವಾಯಿತು. ಮೀಸಲು ಚಕ್ರವನ್ನು ಹಾಕಿಸಿ, ಹರಿದ ಟೈರನ್ನು ಸ್ಥಳೀಯ ಟೈರು ವ್ಯಾಪಾರಿಯಲ್ಲಿ ಬಿಡಿಸಿ, ಒಳಗಿನ ತೇಪೆಯನ್ನೂ ಅಂಚಿನ ಹರಕನ್ನೂ ಒಂದೇ ಚಿತ್ರದಲ್ಲಿ ತೆಗೆಸಿ, ಅವರಿಂದ ನಾಲ್ಕು ಸಾಲಿನ ಅಭಿಪ್ರಾಯವನ್ನು ಬರೆಯಿಸಿಕೊಂಡೆ. ಇವೆಲ್ಲವನ್ನೂ ಲಗತ್ತಿಸಿ, 151 ಮತ್ತು 152ನೆಯ ಕಲಮುಗಳನ್ನು ಉಲ್ಲೇಖಿಸಿ, ಆ ದಿನದ ಕಾರ್ಯಾಗಾರದ ಕ್ಯಾಮರಾ ಚಿತ್ರಣವನ್ನು ಅಳಿಸದೆ ಕಾಯ್ದಿಡಬೇಕೆಂದು ಕೋರಿ, ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪುಟದ ಪತ್ರ ಕಳುಹಿಸಿದೆ. ಅದರ ಪ್ರತಿ ವಾಹನ ತಯಾರಕರ ಗ್ರಾಹಕ ವಿಭಾಗಕ್ಕೆ. ಬೈಗುಳವಾಗಲಿ ಬೆದರಿಕೆಯಾಗಲಿ ಅದರಲ್ಲಿರಲಿಲ್ಲ.

ಎರಡು ವಾರಗಳೊಳಗೆ ಕರೆ ಬಂತು. ಸವಕಳಿಯ ನೂರಕ್ಕೆ 25 ಭಾಗವನ್ನು ನನ್ನಿಂದ ಪಡೆದು ಅದೇ ಅಳತೆಯ ಹೊಸ ಟೈರನ್ನು ಹಾಕಿಕೊಟ್ಟರು. ರಿಮ್ಮಿನ ಗೀರಿನ ಬಗ್ಗೆ ಒಪ್ಪಲಿಲ್ಲ, ನಾನೂ ಎಳೆಯಲಿಲ್ಲ. ಹಳೆಯ ಟೈರನ್ನು ಒಪ್ಪಿಸಬೇಕೆಂದು ಕೇಳಿದಾಗ, ಹೊಸದರ ಬಿಲ್ಲು ಕೈಗೆ ಬಂದ ಮೇಲೆಯೇ ಡಿಕ್ಕಿ ತೆರೆದು ಕೊಟ್ಟೆ. ಈ ಸಲ ನಾಲ್ಕೂ ಚಕ್ರಗಳನ್ನು ಸುತ್ತಿ ನೋಡಿ, ಬ್ಯಾಟರಿ ದೀಪ ಹಿಡಿದು ಒಳಬದಿಯನ್ನೂ ನೋಡಿ, ಟೈರುಗಳ ಅಂಕಿಗಳನ್ನು ಜಾಬ್ ಕಾರ್ಡಿನ ಮೇಲೆ ಬರೆದ ನಂತರ ಸಹಿ ಮಾಡಿದೆ. ಹತ್ತು ನಿಮಿಷ ಹಿಡಿಯಿತು. ಮೇಲ್ವಿಚಾರಕರು ಗಡಿಯಾರ ನೋಡುತ್ತಿದ್ದರು.